ಎರಡನೇ ಡಬ್ಬಿ

ಟಿಣ್.

ತಗಡಿನೊಳಗೆ ಏನೋ ಸಣ್ಣದು ಬಿದ್ದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ನಾನು ಹಾಸಿಗೆಯಲ್ಲಿ ಎಣಿಸುತ್ತಾ ಮಲಗಿದ್ದೆ. ಐದು ಸಲ ಕೇಳಿ ನಿಂತುಹೋಯಿತು. ಪಕ್ಕದಲ್ಲಿ ಗಂಡ ಕೋಲ್ಬಿ ಗೊರಕೆ ಹೊಡೆಯುತ್ತಿದ್ದ. ಗಂಟೆ ಹನ್ನೊಂದೂವರೆ. ಬೆಳಗಾದರೆ ಕಡವೆಗಿಂತ ದೊಡ್ಡದಾದ ಎಲ್ಕ್ ಪ್ರಾಣಿಯ ಬೇಟೆಯ ಮೊದಲ ದಿನ. ಅಪ್ಪ ಮಗ ಇಬ್ಬರೂ ನಾಲ್ಕಕ್ಕೆ ಏಳಬೇಕಿತ್ತು.

ಅರ್ಧ ಗಂಟೆ ಕಾದೆ. ಕೆಳಗಿನ ದೀಪ ಆರಲಿಲ್ಲ. ಎದ್ದು ಹೋದೆ.

ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಮಾವ ಹಾಲ್ವರ್ ತಮ್ಮ ಮೇಜಿಗೆ ಬಗ್ಗಿ ಕೂತಿದ್ದರು. ಎಪ್ಪತ್ತೊಂಬತ್ತು ವರ್ಷ. ಅಂಗಡಿಯ ತೋಟಾವನ್ನು ಅವರು ಎಂದೂ ಮುಟ್ಟಿದವರಲ್ಲ. ಹಳೆಯ ಹಿತ್ತಾಳೆ ಕೋಶದ ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ಅಳೆದು ಸುರಿದು, ಮೇಲೆ ಗುಂಡನ್ನು ಒತ್ತಿ, ವರ್ಷಕ್ಕೆ ಐದೇ ಐದು ತೋಟಾ ಮಾಡಿಕೊಳ್ಳುತ್ತಿದ್ದರು. ಆಗ ಐದನೆಯದಕ್ಕೆ ಗುಂಡು ಕೂರಿಸುತ್ತಿದ್ದರು. ಬೆರಳು ನಡುಗುತ್ತಿತ್ತು.

ಮೇಜಿನ ಮೇಲೆ ಮದ್ದಿನ ಡಬ್ಬಿ ಎರಡಿದ್ದವು. ಹಸಿರು ಮುಚ್ಚಳದ್ದು ರೈಫಲಿನ ಮದ್ದು. ಕೆಂಪು ಚೀಟಿಯದು ಪಿಸ್ತೂಲಿನದು.

ನಾನು ಈ ಮನೆಗೆ ಮದುವೆಯಾಗಿ ಬಂದ ವರ್ಷ ಇದೇ ಮೇಜಿನ ಪಕ್ಕ ನಿಲ್ಲಿಸಿಕೊಂಡು ಮಾವ ಕಲಿಸಿದ ಮೊದಲ ಪಾಠ: ಮೇಜಿನ ಮೇಲೆ ಯಾವತ್ತೂ ಒಂದೇ ಡಬ್ಬಿ. ಪಿಸ್ತೂಲಿನ ಮದ್ದು ತಟ್ಟನೆ ಉರಿಯುವಂಥದ್ದು. ಅದನ್ನು ರೈಫಲಿನ ಕೋಶಕ್ಕೆ ತುಂಬಿದರೆ ಕೋವಿ ಮುಖದ ಮುಂದೆಯೇ ಸಿಡಿಯುತ್ತದೆ. ಕಣಿವೆಯಾಚೆಯ ಒಬ್ಬನಿಗೆ ಒಂದು ಕಣ್ಣೂ ಮೂರು ಬೆರಳೂ ಹೋದ ಕಥೆಯನ್ನು ಆಮೇಲೆ ಎಷ್ಟೋ ಸಲ ಹೇಳಿದ್ದರು.

"ಇನ್ನೂ ಮಲಗ್ಲಿಲ್ವಾ ಮಾವ?"

"ಮಲಗಿದ್ರೆ ತೋಟಾ ತಾನೇ ತುಂಬ್ಕೊಳುತ್ತಾ?"

"ಕೋಲ್ಬಿ ಅಂಗಡಿಯಿಂದ ಒಂದು ಪೆಟ್ಟಿಗೆ ತಂದಿದ್ದಾನಲ್ಲ."

"ಅದು ನೂರೈವತ್ತು ಗ್ರೇನ್ ತೂಕದ ಗುಂಡು. ಜಿಂಕೆಗೆ ಸರಿ. ಎಲ್ಕ್ ಹೆಗಲಿಗೆ ಹೊಡೆದ್ರೆ ಮೂಳೆ ಮೇಲೇ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತೆ. ನಿನ್ನ ಗಂಡನಿಗೆ ವೇಗದ ಹುಚ್ಚು. ಎಲ್ಕಿಗೆ ಬೇಕಾದ್ದು ತೂಕ. ನಂದು ನೂರೆಂಬತ್ತು. ಈ ಹೆಗಲಲ್ಲಿ ಹೊಕ್ಕರೆ ಆ ಹೆಗಲಿನ ತನಕ ಹೋಗುತ್ತೆ."

"ಮೇಜಿನ ಮೇಲೆ ಎರಡು ಡಬ್ಬಿ ಇದೆ ಮಾವ."

"ಎರಡರ ತನಕ ಎಣಿಸೋಕೇನಾ ನಿನ್ನ ಕಾಲೇಜಿಗೆ ಕಳ್ಸಿದ್ದು?"

ಅವರು ನಕ್ಕರು. ನಾನೂ ನಕ್ಕೆ. ಕೈ ಚಾಚಿ ಆ ಕೆಂಪು ಚೀಟಿಯ ಡಬ್ಬಿಯನ್ನು ಎತ್ತಿದ್ದರೆ ಸಾಕಿತ್ತು. ಆದರೆ ಅದು ಅವರನ್ನು ಪರೀಕ್ಷೆ ಮಾಡಿದಂತೆ ಆಗುತ್ತಿತ್ತು. ಆ ತಿಂಗಳಲ್ಲಿ ಅವರನ್ನು ಎಲ್ಲರೂ ಪರೀಕ್ಷೆ ಮಾಡಿಯಾಗಿತ್ತು. ಅವರು ಡೀಸೆಲ್ ಟ್ರ್ಯಾಕ್ಟರಿಗೆ ಪೆಟ್ರೋಲ್ ಸುರಿದ ದಿನ ಕೋಲ್ಬಿ ನನ್ನ ಹತ್ತಿರ ಹೇಳಿದ್ದ: "ಇನ್ನೊಂದು ಸಲ ಹೀಗಾದ್ರೆ ಅಪ್ಪನ ಕೋವಿ ಕಪಾಟಿಗೆ, ಬೀಗದ ಕೈ ನನ್ನ ಜೇಬಿಗೆ." ಬಾಗಿಲ ಆಚೆ ಮಾವ ನಿಂತಿದ್ದರು. ಅಂದಿನಿಂದ ತಟ್ಟೆಯಿಂದ ತಲೆಯೆತ್ತದೆ ಊಟ ಮಾಡುತ್ತಿದ್ದರು.

ಅವರು ಎರಡೂ ಡಬ್ಬಿಯನ್ನು ಗೋಡೆಯ ಕಪಾಟಿಗೆ ಸೇರಿಸಿ ಬೀಗ ಹಾಕಿ, ಬೀಗದ ಕೈಯನ್ನು ಕೊರಳಿನ ದಾರಕ್ಕೆ ಸಿಕ್ಕಿಸಿಕೊಂಡು ಮಲಗಲು ಹೋದರು. ಐದು ತೋಟಾ ಚರ್ಮದ ಚೀಲದಲ್ಲಿ ಬಾಗಿಲ ಮೊಳೆಗೆ ನೇತಾಡುತ್ತಿದ್ದವು.

ನಾನು ಆ ಚೀಲದ ಮುಂದೆ ಬಹಳ ಹೊತ್ತು ನಿಂತೆ. ಗುಂಡನ್ನು ಕಿತ್ತು ಒಳಗಿನ ಮದ್ದು ನೋಡಬಹುದಿತ್ತು. ಆದರೆ ಅದಕ್ಕೆ ತೋಟಾವನ್ನು ಸುತ್ತಿಗೆಯಂಥ ಉಪಕರಣಕ್ಕೆ ಸಿಕ್ಕಿಸಿ ನೆಲಕ್ಕೆ ಬಡಿಯಬೇಕು, ಮನೆಯೆಲ್ಲ ಏಳುತ್ತದೆ. ಕೋಲ್ಬಿಗೆ ಹೇಳಿದರೆ ಕೋವಿ ಹೋಯಿತು. ಹೇಳದಿದ್ದರೆ, ಬೆಳಿಗ್ಗೆ ಎಲ್ಲೋ ಒಂದು ಗುಡ್ಡದ ಮೇಲೆ ಮಾವನ ಮುಖ.

ಇಬ್ಬರ ಕೋವಿಗೂ ಒಂದೇ ಅಳತೆಯ ತೋಟಾ. ಕೋಲ್ಬಿಯ ಪೆಟ್ಟಿಗೆಯಿಂದ ಐದು ತೆಗೆದೆ. ಹೊಸ ಹಿತ್ತಾಳೆಯ ಹೊಳಪು ಹೋಗಲೆಂದು ಒಲೆಯ ಬೂದಿಯಲ್ಲಿ ಉಜ್ಜಿದೆ. ಅವನ್ನು ಚೀಲಕ್ಕೆ ಹಾಕಿ, ಮಾವನ ಐದನ್ನು ಹಿಟ್ಟಿನ ಡಬ್ಬದ ತಳಕ್ಕೆ ತುರುಕಿದೆ. ಬಿಸ್ಕತ್ತಿನ ಮಾತು ನೆನಪಿತ್ತು. ಕೋಲ್ಬಿ ಪಕ್ಕೆಗೇ ಹೊಡೆಯುವವನು, ಅವನಿಗೆ ಅದು ಸಾಕಾಗುತ್ತದೆ. ಮಾವನೂ ಪಕ್ಕೆಗೇ ಹೊಡೆಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಹೆಗಲಿಗೆ ಗುರಿಯಿಡುವುದು ತಮ್ಮ ತೋಟಾದ ಮೇಲಿನ ನಂಬಿಕೆಯಿಂದ, ಮತ್ತು ನಾಳೆಯೂ ಆ ನಂಬಿಕೆ ಹಾಗೇ ಇರುತ್ತದೆ ಎಂಬುದನ್ನು ಯೋಚಿಸಲಿಲ್ಲ.

ಮಾರನೇ ದಿನ ಕತ್ತಲಾದ ಮೇಲೆ ಪಿಕಪ್ ಬಂತು. ಹಿಂಬದಿ ಖಾಲಿ. ಮಾವನ ಮುಖ ಮುಖವಾಗಿಯೇ ಇತ್ತು. ಕಣ್ಣು, ಬೆರಳು, ಎಲ್ಲ ನೋಡಿಕೊಂಡೆ.

"ದೊಡ್ಡ ಗಂಡು. ನೂರೈವತ್ತು ಹೆಜ್ಜೆ ದೂರ," ಎಂದ ಕೋಲ್ಬಿ, ಬೂಟು ಕಳಚುತ್ತಾ. "ನಮ್ಮ ಕಡೆ ಓರೆಯಾಗಿ ನಿಂತಿತ್ತು. ಅಪ್ಪ ಹೆಗಲಿಗೇ ಕೊಟ್ರು. ಮಂಡಿಯೂರಿತು, ಎದ್ದಿತು, ಹೊರಟೇ ಹೋಯ್ತು. ತೊರೆ ತನಕ ರಕ್ತ ಇತ್ತು. ಒಂದು ಮೂಳೆ ಚೂರು ಸಿಕ್ತು. ಆಮೇಲೆ ಹಿಮ ಬೀಳೋಕೆ ಶುರುವಾಯ್ತು."

"ತೋಟಾ ಏನಾದ್ರೂ..." ಎಂದೆ. ಯಾಕೆ ಕೇಳಿದೆನೋ.

"ನಲವತ್ತು ವರ್ಷದಿಂದ ಅದೇ ತೋಟಾ," ಎಂದರು ಮಾವ. "ತೋಟಾದ ತಪ್ಪಲ್ಲ ಮಗಳೇ. ಹೆಗಲಿಗೆ ಕೋವಿಯ ಒದೆತ ಕೂಡ ಸರಿಯಾಗಿ ಗೊತ್ತಾಗ್ಲಿಲ್ಲ. ನನ್ನ ಮೈಯೇ ನನಗೆ ತಿಳೀತಿಲ್ಲ."

ಹಗುರ ಗುಂಡು ಕಡಿಮೆ ಒದೆಯುತ್ತದೆ. ನಾನು ಸಾರು ಬಡಿಸಿದೆ.

ಅವರು ತಟ್ಟೆ ಸರಿಸಿ, ವರ್ಷಕ್ಕೆ ಒಂದೇ ಪ್ರಾಣಿಗೆಂದು ಸರ್ಕಾರ ಕೊಡುವ ಬೇಟೆಯ ಚೀಟಿಯನ್ನು ಜೇಬಿನಿಂದ ತೆಗೆದು, ಚಾಕುವಿನಿಂದ ಅದರ ಮೇಲಿನ ತಿಂಗಳನ್ನೂ ತಾರೀಖನ್ನೂ ಕತ್ತರಿಸಿದರು. ಪ್ರಾಣಿ ಕೈಗೆ ಸಿಕ್ಕಾಗ ಮಾಡುವ ಕೆಲಸ ಅದು. ಅದರೊಂದಿಗೆ ಆ ವರ್ಷದ ಬೇಟೆ ಮುಗಿಯುತ್ತದೆ. ಈ ಮನೆಯಲ್ಲಿ ಮಾತ್ರ, ರಕ್ತ ಹರಿಸಿದರೆ ಪ್ರಾಣಿ ನಿನ್ನದು, ಸಿಗಲಿ ಬಿಡಲಿ.

"ಕಾನೂನು ಹಾಗೆ ಹೇಳಲ್ಲಪ್ಪ. ನಾಳೆ ಮತ್ತೆ ಹೋಗಬಹುದು," ಎಂದ ಕೋಲ್ಬಿ.

"ನಾನು ಗಾಯ ಮಾಡಿದ್ದು ಕಾನೂನಿಗಲ್ಲ."

ಕೋವಿಯನ್ನು ತಂದು ಮಗನ ತೊಡೆಯ ಮೇಲಿಟ್ಟರು. "ಬೀಗ ಹಾಕ್ಕೋ. ನಿನಗೂ ಅದೇ ಬೇಕಿತ್ತಲ್ಲ." ಮಾವ ಕೊರಳಿನ ದಾರ ಬಿಚ್ಚಿ ಮದ್ದಿನ ಕಪಾಟಿನ ಬೀಗದ ಕೈಯನ್ನು ನನ್ನ ಕಡೆ ತಳ್ಳಿದರು. "ಇದನ್ನ ನೀನಿಟ್ಕೋ. ನೀನು ಜೋಪಾನದ ಹುಡುಗಿ."

ಬೆಳಿಗ್ಗೆ ಕೋಲ್ಬಿ ಪೇಟೆಗೆ ಹೋದ ಮೇಲೆ ಕಪಾಟು ತೆರೆದೆ. ಕೆಂಪು ಚೀಟಿಯ ಡಬ್ಬಿಯನ್ನು ಎತ್ತಿದೆ. ಒಳಗೆ ಗಲಗಲ ಎಂದಿತು. ಮದ್ದು ಹಾಗೆ ಸದ್ದು ಮಾಡುವುದಿಲ್ಲ. ಮುಚ್ಚಳ ತೆಗೆದರೆ ಉರಿದುಹೋದ ಹಳೆಯ ಕೇಪುಗಳು, ಹಲವು ವರ್ಷದವು. ಕೋಶದಿಂದ ಕಿತ್ತ ಹಳೆ ಕೇಪನ್ನು ಹಾಕಲು ಇಟ್ಟುಕೊಂಡ ಖಾಲಿ ಡಬ್ಬಿ. ಒಂದನ್ನು ಎತ್ತಿ ಒಳಗೆ ಬಿಟ್ಟೆ.

ಟಿಣ್.

ಹಿಟ್ಟಿನ ಡಬ್ಬದಿಂದ ಅವರ ಐದು ತೋಟಾ ತಂದು, ಕೊಟ್ಟಿಗೆಯಲ್ಲಿ ಒಂದೊಂದಾಗಿ ಗುಂಡು ಕಿತ್ತೆ. ಐದರಲ್ಲೂ ಪೆನ್ಸಿಲ್ ಸೀಸದ ಚೂರಿನಂಥ ಕಪ್ಪು ಕಡ್ಡಿಗಳು, ರೈಫಲಿನ ಮದ್ದು. ತೂಗಿ ನೋಡಿದೆ. ಐದೂ ಒಂದೇ ತೂಕ. ನಡುಗುವ ಬೆರಳಿನಲ್ಲಿ ಒಂದು ಕಡ್ಡಿಯಷ್ಟೂ ಹೆಚ್ಚುಕಮ್ಮಿಯಾಗಿರಲಿಲ್ಲ.

ಒಳಗೆ ಬಂದಾಗ ಮಾವ ಕಿಟಕಿಯ ಬಳಿ ಕೂತಿದ್ದರು. ಹಿಮ ನಿಂತು ಬೆಟ್ಟ ಸ್ವಚ್ಛವಾಗಿ ಕಾಣುತ್ತಿತ್ತು.

"ಮಗಳೇ, ತೊರೆ ಮೇಲಿನ ಆ ಪೈನ್ ಮರಗಳ ಮೇಲೆ ನೋಡು. ಕಾಡುಕಾಗೆ ಸುತ್ತುತ್ತಿವೆಯಾ? ನನಗೆ ಕಾಣ್ಸಲ್ಲ. ಸುತ್ತುತ್ತಿದ್ರೆ ಅದು ಅಲ್ಲೇ ಬಿದ್ದಿದೆ. ಹೋಗಿ ಹೆಗಲು ಬಗೆದು ನೋಡ್ಬೇಕು, ಗುಂಡು ಎಲ್ಲಿಗೆ ಬಿತ್ತು ಅಂತ. ಅದೊಂದು ಗೊತ್ತಾದ್ರೆ ಸಾಕು ನನಗೆ."

ನೋಡಿದೆ. ಮೂರು, ನಾಲ್ಕು, ಆರು. ನಿಧಾನವಾಗಿ, ಒಂದೇ ಜಾಗದ ಮೇಲೆ ಸುತ್ತುತ್ತಿದ್ದವು. ಕೆಳಗೆ ಎಲ್ಲೋ, ಮೂಳೆಯ ಮೇಲೆ ಪುಡಿಯಾದ ನೂರೈವತ್ತು ಗ್ರೇನಿನ ಗುಂಡು. ಅವರು ಬೆರಳಲ್ಲಿ ಮುಟ್ಟಿದರೆ ಸಾಕು, ತಮ್ಮದಲ್ಲವೆಂದು ತಿಳಿಯಲು ಕಣ್ಣು ಬೇಕಿಲ್ಲ.

"ಏನೂ ಇಲ್ಲ ಮಾವ," ಎಂದೆ.

ಅವರು ತಲೆಯಾಡಿಸಿ, ಕಾಣದ ಕಡೆಗೇ ನೋಡುತ್ತಾ ಕೂತರು. ನಾನು ಏಪ್ರನ್ನಿನ ಜೇಬಿನಲ್ಲಿ ಅವರ ಐದು ಗುಂಡುಗಳನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ. ಕೋಲ್ಬಿ ಬರುವುದರೊಳಗೆ ಇವನ್ನು ತೊರೆಗೆ ಎಸೆಯಬೇಕು. ಅವನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ.