ನಾಲ್ಕೊಲೆ

"ಇಡಿ ಅದನ್ನ."

ವಾರಪತ್ರಿಕೆಯ ಸಂಪಾದಕ ಕೈಯಲ್ಲಿದ್ದ ಕಾಗದದ ಕಟ್ಟನ್ನು ಎದೆಗೊತ್ತಿಕೊಂಡು ತಿರುಗಿದ. ಕಪಾಟಿನ ಬಾಗಿಲು ಹಾರು ಹೊಡೆದಿತ್ತು. ಕೆಳಗಿನ ಖಾನೆಯಿಂದ ಹಾಳೆಗಳು ಜಾರಿ ನೆಲದ ಮೇಲೆ ಹರಡಿಕೊಂಡಿದ್ದವು. ಗೋಡೆಯಾಚೆಯ ಹೊರಕೋಣೆಯಲ್ಲಿ ಆಸ್ಪತ್ರೆಯಿಂದ ಅಮ್ಮನ ದೇಹ ತಂದು ಮಲಗಿಸಿ ಮೂರು ತಾಸು ಕೂಡ ಆಗಿರಲಿಲ್ಲ.

"ನಿಮ್ಮ ತಮ್ಮನ್ನ ಕೇಳಿಯೇ ಒಳಗೆ ಬಂದೆ ಮೇಡಂ."

"ನನ್ನನ್ನ ಕೇಳಿಲ್ಲ."

ಮಗಳು ಬಾಗಿಲಲ್ಲಿ ನಿಂತಿದ್ದಳು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವಳು ಇನ್ನೂ ಮುಖ ತೊಳೆದಿರಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಕಟ್ಟಿಗೆ ಕೈ ಹಾಕಿದಳು. ಅವನು ಬಿಡಲಿಲ್ಲ, ಇವಳೂ ಬಿಡಲಿಲ್ಲ. ದಾರ ಕಿತ್ತು ಹಾಳೆಗಳು ಇವಳ ಕೈಗೆ ಬಂದವು.

"ಎರಡೇ ಕಂತು ಬಾಕಿ ಇರೋದು," ಅಂದ ಅವನು. "ಮೂವತ್ತೆಂಟು ವಾರದಿಂದ ಓದ್ತಾ ಬಂದವರಿಗೆ ನಾನೇನು ಹೇಳ್ಲಿ? ಇವತ್ತು ಸಂಜೆ ಪುಟ ಅಚ್ಚಿಗೆ ಹೋಗ್ಬೇಕು."

"ಬರೆಯೋರು ಸತ್ತೋದ್ರು ಅಂತ ಹೇಳಿ. ನಿಜ ಅದೇ ತಾನೇ."

"ಬರೆದಿಟ್ಟೇ ಹೋಗಿದ್ದಾರೆ ಮೇಡಂ. ಹೋದ ವಾರ ಆಸ್ಪತ್ರೆಯಿಂದ ಫೋನ್ ಮಾಡಿ ಕಪಾಟಲ್ಲಿದೆ ಅಂದ್ರು. ಆದ್ರೆ ಈ ಅಕ್ಷರ ನೋಡಿ. ಕೈ ನಡುಗೋಕೆ ಶುರುವಾದ ಮೇಲೆ ಯಾರಿಗೂ ಓದೋಕಾಗ್ತಿಲ್ಲ. ಮಗಳಿಗೊಬ್ಬಳಿಗೇ ಬರುತ್ತೆ ಅಂತ ಅವರೇ ಹೇಳಿದ್ದು." ಅವನು ದನಿ ತಗ್ಗಿಸಿದ. "ನಿಮಗೂ ಅವರ ಕತೆಗಳಿಗೂ ನಂಟು ಇದ್ದೇ ಇದೆಯಲ್ಲ. ಆರು ವರ್ಷದ ಹಿಂದಿನ ಆ ಕಂತಿಗೆ ಬಂದಷ್ಟು ಕಾಗದ ನಮ್ಮ ಪತ್ರಿಕೆಗೆ ಇವತ್ತಿಗೂ..."

ಮಗಳು ಬಾಗಿಲಿನತ್ತ ಕೈ ತೋರಿಸಿದಳು.

"ಹೊರಗೆ ನಡೀರಿ," ಅಂದಳು.

ದನಿ ಕೇಳಿ ತಮ್ಮ ಓಡಿಬಂದ. "ಅಕ್ಕಾ, ಮೆಲ್ಲಗೆ. ಜನ ಕೂತಿದ್ದಾರೆ."

"ಕೂತಿರಲಿ. ಅಮ್ಮನ್ನ ಎತ್ತೋಕೆ ಮುಂಚೆ ಅಮ್ಮನ ಕಪಾಟು ಎತ್ತೋಕೆ ಬಂದಿದ್ದಾರೆ ಅಂತ ಅವರಿಗೂ ಗೊತ್ತಾಗ್ಲಿ."

*

ಅಮ್ಮ ಇಪ್ಪತ್ತೊಂಬತ್ತು ವರ್ಷ ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತೆಯಾಗಿದ್ದಳು. ನಲ್ಲಿ ಸೋರುತ್ತಿದೆ, ನೀರು ಕೆಂಪಗೆ ಬರುತ್ತಿದೆ, ಮೇಲಿನ ಮನೆಯವರು ಪೈಪು ತಿರುಗಿಸಿಕೊಂಡಿದ್ದಾರೆ. ಹಗಲೆಲ್ಲ ಇಂಥದ್ದನ್ನು ಬರೆದು ಮನೆಗೆ ಬಂದು, ಕೈಕಾಲು ತೊಳೆದು, ಮತ್ತೆ ಬರೆಯಲು ಕೂರುತ್ತಿದ್ದಳು.

ಗೋಡೆಗೆ ನಾಲ್ಕು ಮೊಳೆ, ನಾಲ್ಕು ಮೊಳೆಗೂ ಕ್ಲಿಪ್ಪು ಹಾಕಿದ ನಾಲ್ಕು ರಟ್ಟು. ಮೊದಲನೆಯದು ಪತ್ತೇದಾರಿ, ಅದಕ್ಕೊಂದು ಗಂಡಸಿನ ಹೆಸರು. ಎರಡನೆಯದು ದೆವ್ವದ್ದು, ಅದಕ್ಕೆ ಇನ್ನೊಂದು ಗಂಡಸಿನ ಹೆಸರು. ಮೂರನೆಯದು ವಾರಪತ್ರಿಕೆಯ ಸಂಸಾರದ ಧಾರಾವಾಹಿ, ಅದೊಂದೇ ಅವಳ ಸ್ವಂತ ಹೆಸರಿನಲ್ಲಿ. ನಾಲ್ಕನೆಯದು ಮಕ್ಕಳ ಮಾಸಪತ್ರಿಕೆಗೆ, ಚಂದ್ರನಾಚೆ ಎಲ್ಲೋ ಸಿಕ್ಕಿಹಾಕಿಕೊಂಡ ಇಬ್ಬರು ಅಣ್ಣತಂಗಿಯರ ಕತೆ. ಒಂದು ರಟ್ಟು ನೇತುಹಾಕಿ ಇನ್ನೊಂದನ್ನು ಕೈಗೆತ್ತಿಕೊಳ್ಳುವ ಮುಂಚೆ ಅಮ್ಮ ಬಚ್ಚಲಿಗೆ ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಂಡು ಬರುತ್ತಿದ್ದಳು. ಕೊಲೆಗಾರನ ಮುಖ ಹೊತ್ತುಕೊಂಡು ಮದುವೆಮನೆಗೆ ಹೋಗೋಕಾಗತ್ತಾ ಅನ್ನುತ್ತಿದ್ದಳು.

ಆದರೂ ಒಮ್ಮೊಮ್ಮೆ ಎಡವಟ್ಟಾಗುತ್ತಿತ್ತು. ದೆವ್ವದ ಕತೆಯಲ್ಲಿ ಬಾವಿಗೆ ಬಿದ್ದು ಸತ್ತ ಕಾವಲುಗಾರ ಮಾರನೆಯ ವಾರ ಸಂಸಾರದ ಕತೆಯಲ್ಲಿ ಗೇಟು ತೆಗೆದ. ಓದುಗರು ಕಾಗದ ಬರೆದರು. ಅಮ್ಮ ಅಲುಗಲಿಲ್ಲ, ಅವನಿಗೊಬ್ಬ ಅವಳಿ ತಮ್ಮನನ್ನು ಹುಟ್ಟಿಸಿ ಎರಡೂ ಕತೆಯಲ್ಲಿ ಕಣ್ಣೀರು ಹಾಕಿಸಿದಳು.

ಅಚ್ಚಿನಮನೆಯಲ್ಲಿ ಅಕ್ಷರ ಜೋಡಿಸುವವರೊಬ್ಬರು ಅವಳಿಗೆ 'ನಾಲ್ಕೊಲೆ' ಎಂದು ಅಡ್ಡಹೆಸರಿಟ್ಟರು. ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಿಂದಲೂ ಅಲ್ಲಿದ್ದು, ಈಗ ಕಂಪ್ಯೂಟರಿನ ಮುಂದೆ ಕೂರುವ ಅವರನ್ನು ಎಲ್ಲರೂ ಮೊಳೆಯಣ್ಣ ಅನ್ನುತ್ತಿದ್ದರು. ಒಟ್ಟಿಗೆ ನಾಲ್ಕು ಒಲೆ ಉರಿಸುತ್ತಾಳೆ, ಒಂದರದ್ದೂ ತಳ ಹತ್ತಿಸುವುದಿಲ್ಲ ಎಂಬುದು ಅವರ ಅರ್ಥ. ಗೊತ್ತಿಲ್ಲದವರು ನಾಲ್ಕು ಕೊಲೆ ಅಂದುಕೊಂಡರು. ಅದೂ ಸುಳ್ಳಲ್ಲವಲ್ಲ, ವಾರಕ್ಕೆ ಅಷ್ಟಾದರೂ ಆಗ್ತವೆ ಎಂದು ಅಮ್ಮ ನಗುತ್ತಿದ್ದಳು.

ಮಗಳು ಹನ್ನೊಂದನೆಯ ವಯಸ್ಸಿನಿಂದ ಅಮ್ಮನ ಕರಡನ್ನು ಚೊಕ್ಕ ಅಕ್ಷರದಲ್ಲಿ ನಕಲು ಮಾಡಿಕೊಡುತ್ತಿದ್ದಳು. ಕೊಲೆ ಮಾಡಿದ್ದು ಯಾರೆಂದು ಇಡೀ ಶಾಲೆಗಿಂತ ಎರಡು ವಾರ ಮುಂಚೆ ಅವಳಿಗೆ ಗೊತ್ತಿರುತ್ತಿತ್ತು. ಊಟಕ್ಕೆ ಕೂತಾಗ ಅಮ್ಮ, "ವಿಷ ಕುಡಿದೋನು ಎಷ್ಟು ಹೊತ್ತು ಮಾತಾಡಬಹುದೇ?" ಎಂದು ಕೇಳುತ್ತಿದ್ದಳು. "ಹೆಸರು ಹೇಳೋಷ್ಟು ಹೊತ್ತು ಬೇಡಮ್ಮ, ಕತೆ ಮುಗಿದುಹೋಗತ್ತೆ," ಎಂದು ಮಗಳು ಅನ್ನ ಅಗಿಯುತ್ತ ಹೇಳುತ್ತಿದ್ದಳು. ಜ್ವರ ಬಂದರೆ ಅಮ್ಮ ಹಣೆಯ ಮೇಲೆ ಕೈಯಿಟ್ಟು, "ಒಳಗೆ ಹೇಗನ್ನಿಸ್ತಿದೆ, ಸರಿಯಾಗಿ ಹೇಳು," ಅನ್ನುತ್ತಿದ್ದಳು. ಅದು ಪ್ರೀತಿಯೋ ಬರವಣಿಗೆಯೋ ಎಂದು ಬೇರೆ ಮಾಡಿ ನೋಡುವ ವಯಸ್ಸಲ್ಲ ಅದು.

*

ಚಿತಾಗಾರದಲ್ಲಿ ಇವರಿಗಿಂತ ಮುಂಚೆ ಇನ್ನೊಬ್ಬರಿದ್ದರು. ಉದ್ದನೆಯ ಕೋಣೆಯಲ್ಲಿ ಸಿಮೆಂಟಿನ ಬೆಂಚುಗಳ ಮೇಲೆ ಎಲ್ಲರೂ ಕಾದು ಕೂತರು. ಮಗಳು ಹಾಳೆಗಳನ್ನು ಕೈಚೀಲಕ್ಕೆ ತುರುಕಿಕೊಂಡು ಬಂದಿದ್ದಳು. ಮನೆಯಲ್ಲಿ ಬಿಟ್ಟುಬರಲು ಯಾರ ಮೇಲೂ ನಂಬಿಕೆ ಇರಲಿಲ್ಲ.

ನೀರಿನ ಕಚೇರಿಯ ಹಳೆಯ ಸಹೋದ್ಯೋಗಿಯೊಬ್ಬಳು ಪಕ್ಕಕ್ಕೆ ಬಂದು ಕೂತಳು.

"ನಿಮ್ಮಮ್ಮ ಹೇಗೆ ಬರೀತಿದ್ರು ಅಂತೀರಿ. ಆ ಮಗು ಕಳ್ಕೊಂಡೋಳ ಕತೆ ಇತ್ತಲ್ಲ, ಆಸ್ಪತ್ರೆಯಿಂದ ವಾಪಸ್ ಬರೋವಾಗ ಗಂಡ ಒಂದು ಮಾತು ಹೇಳ್ತಾನೆ. ಅದನ್ನ ಓದಿ ನಾನು ಎರಡು ದಿನ ನಮ್ಮೋರ ಹತ್ರ ಮಾತು ಬಿಟ್ಟಿದ್ದೆ, ಪಾಪ ಅವರದ್ದೇನೂ ತಪ್ಪಿಲ್ಲ. ಎಲ್ಲಿಂದ ಹೊಳೀತಿತ್ತೋ ಅವರಿಗೆ."

"ಗೊತ್ತಿಲ್ಲ," ಅಂದಳು ಮಗಳು.

ಹಿಂದಿನ ಬೆಂಚಿನಲ್ಲಿದ್ದ ಚಿಕ್ಕಮ್ಮ ಮುಂದಕ್ಕೆ ಬಾಗಿ ಅವಳ ಭುಜ ಒತ್ತಿದಳು. ಎಲ್ಲಿಂದ ಹೊಳೆಯಿತೆಂದು ಚಿಕ್ಕಮ್ಮನಿಗೆ ಗೊತ್ತಿತ್ತು.

*

ಆರು ವರ್ಷದ ಹಿಂದೆ, ಮಗಳ ಬಸಿರಿನ ಆರನೆಯ ತಿಂಗಳಲ್ಲಿ ಮಗು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ ಗಂಡ ಸಿಗ್ನಲ್ಲಿಗೆ ಕಾರು ನಿಲ್ಲಿಸಿ, ಕೆಂಪು ದೀಪ ನೋಡುತ್ತ, "ಆ ತೊಟ್ಟಿಲನ್ನ ಅಂಗಡಿಯೋನು ವಾಪಸ್ ತಗೋತಾನಾ?" ಎಂದು ಕೇಳಿದ್ದ. ಕೆಟ್ಟವನಲ್ಲ. ಏನು ಮಾತಾಡಬೇಕೆಂದು ತಿಳಿಯದೆ ಬಾಯಿಗೆ ಬಂದದ್ದನ್ನು ಹೇಳಿದ್ದ ಅಷ್ಟೆ. ಅವಳು ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಅಮ್ಮನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಹೇಳಿಬಿಟ್ಟಳು. ಅಮ್ಮ ಚಾಕು ಕೆಳಗಿಟ್ಟು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಿದ್ದಳು.

ನಾಲ್ಕು ವಾರ ಕಳೆದಿತ್ತು. ಅವಳು ಕೆಲಸ ಮಾಡುವ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರ ನಿಲ್ಲಿಸಿ ಮೂವರು ಊಟಕ್ಕೆ ಕೂತಿದ್ದರು. ಒಬ್ಬಳು ರೂಢಿಯಂತೆ ವಾರಪತ್ರಿಕೆ ತೆಗೆದು ಗಟ್ಟಿಯಾಗಿ ಓದತೊಡಗಿದಳು. ಕಾರು, ಸಿಗ್ನಲ್ಲು, ಕೆಂಪು ದೀಪ, ತೊಟ್ಟಿಲು. ಒಂದಕ್ಷರವೂ ಆಚೀಚೆ ಆಗಿರಲಿಲ್ಲ.

"ಎಂಥ ಗಂಡಸೇ ಇವನು," ಎಂದು ಇನ್ನೊಬ್ಬಳು ತೋಳಿನಿಂದ ಕಣ್ಣೊರೆಸಿಕೊಂಡಳು.

ಅವಳು ಬಾಯಲ್ಲಿದ್ದ ತುತ್ತನ್ನು ನುಂಗಿ ಡಬ್ಬಿ ಮುಚ್ಚಿದಳು. ಸಂಜೆ ನೇರ ಅಮ್ಮನ ಮನೆಗೆ ಹೋದಳು. ಅಮ್ಮ ಮೊದಲನೆಯ ರಟ್ಟು ಹಿಡಿದು ಕೂತಿದ್ದಳು.

"ಯಾಕಮ್ಮ?"

ಅಮ್ಮ ಯಾವುದರ ಮಾತು ಎಂದು ಕೇಳಲಿಲ್ಲ. "ಆ ವಾರ ನನ್ನ ಹತ್ರ ಏನೂ ಇರ್ಲಿಲ್ಲ ಕಣೆ. ನಾಲ್ಕೂ ಖಾಲಿ."

"ಅದಕ್ಕೆ ನಾನು ಸಿಕ್ಕಿದ್ನಾ?"

"ಹೆಸರು, ಊರು ಎಲ್ಲ ಬದಲಾಯಿಸಿದ್ನಲ್ಲ."

"ಮಾತು ಬದಲಾಯಿಸಿರ್ಲಿಲ್ಲ."

ಅಮ್ಮ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು. "ಅಂಥ ಮಾತನ್ನ ಬದಲಾಯಿಸೋಕಾಗಲ್ಲ. ಅದಕ್ಕಿಂತ ಚೆನ್ನಾಗಿ ನನಗೆ ಬರೆಯೋಕೆ ಬರಲ್ಲ."

ತಪ್ಪಾಯಿತು ಎನ್ನಲಿಲ್ಲ. ಮಗಳು ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದಳು. ಗಂಡನಿಗೂ ಯಾರೋ ಓದಿ ಹೇಳಿದರು. ನನ್ನನ್ನ ಊರಿಗೆಲ್ಲ ಹಂಚಿಬಿಟ್ಟೆಯಲ್ಲ ಎಂದ ಅವನು. ಆ ವರ್ಷವೇ ಇಬ್ಬರೂ ಬೇರೆಯಾದರು. ಅವಳು ಇನ್ನೊಂದು ಊರಿನ ಅಂಗಡಿಗೆ ಸೇರಿಕೊಂಡಳು. ಆಮೇಲೆ ತಿಂಗಳಿಗೊಂದು ಫೋನು: ಮಾತ್ರೆ ತಗೊಂಡ್ಯಾ, ತಗೊಂಡೆ, ಸರಿ ಇಡ್ತೀನಿ. ತನ್ನ ಬದುಕಿನ ಒಂದು ಚೂರೂ ಆ ಮನೆಯೊಳಗೆ ಬೀಳದಂತೆ ಅವಳು ನೋಡಿಕೊಂಡಳು.

*

ಸರದಿ ಬರುವುದರೊಳಗೆ ಎರಡು ಮಾತಾಡಿ ಎಂದು ತಮ್ಮನೇ ಹಿರಿಯ ಸಾಹಿತಿಯೊಬ್ಬರನ್ನು ಕೇಳಿಕೊಂಡಿದ್ದ. ಲೇಖಕರ ಸಂಘದ ಅಧ್ಯಕ್ಷರು. ಎದ್ದು ನಿಂತು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅವರಲ್ಲಿ ನಿಜವಾದ ಪ್ರತಿಭೆ ಇತ್ತು. ಇಲ್ಲ ಅನ್ನಲಾರೆ. ಆದರೆ ಜನಪ್ರಿಯತೆಯ ಒತ್ತಡಕ್ಕೆ ಸಿಕ್ಕಿ ತಮ್ಮನ್ನು ನಾಲ್ಕು ದಿಕ್ಕಿಗೆ ಚೆಲ್ಲಿಕೊಂಡರು. ಆ ದೆವ್ವ, ಆ ಕೊಲೆ, ಇದನ್ನೆಲ್ಲ ಬಿಟ್ಟು ಒಂದೇ ಒಂದು ಕೃತಿಗೆ ತಮ್ಮನ್ನು ಕೊಟ್ಟುಕೊಂಡಿದ್ದರೆ, ಉಳಿಯುವಂಥದ್ದನ್ನು ಏನಾದರೂ..."

"ಸಾಕು ನಿಲ್ಲಿಸಿ."

ಮಗಳು ಎದ್ದು ನಿಂತಿದ್ದಳು. ಯಾವಾಗ ಎದ್ದೆ ಎಂದು ಅವಳಿಗೇ ಗೊತ್ತಾಗಿರಲಿಲ್ಲ.

"ನೀವು ಒಂದು ಪುಸ್ತಕ ಬರೆಯೋಕೆ ಒಂಬತ್ತು ವರ್ಷ ತಗೊಂಡ್ರಿ ಅಂತ ಅಮ್ಮ ಹೇಳ್ತಿದ್ಲು. ಗೌರವದಿಂದಲೇ ಹೇಳ್ತಿದ್ಲು. ನೀವು ಅವಳದ್ದು ಒಂದಾದ್ರೂ ಓದಿದ್ದೀರಾ? ಮೊದಲನೇ ವಾರ ಬಾಗಿಲ ಬೀಗದ ಕೈ ಯಾರ ಹತ್ರ ಇತ್ತು ಅನ್ನೋದನ್ನ ಇಪ್ಪತ್ತನೇ ವಾರದ ತನಕ ತಲೇಲಿ ಇಟ್ಕೊಂಡು, ನಡುವೆ ಇನ್ನೂ ಮೂರು ಕತೆ ಬರೆದು, ಹಗಲಲ್ಲಿ ಊರಿನ ನಲ್ಲಿ ದೂರು ಬರ್ಕೊಂಡು ಬಂದೋಳು ಅವಳು. ಚೆಲ್ಲಿಕೊಂಡಳಂತೆ. ಅವಳು ಒಂದು ತೊಟ್ಟೂ ಚೆಲ್ಲಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಬಳಸಿದಳು."

"ಅಕ್ಕಾ," ಅಂದ ತಮ್ಮ.

"ಸುಮ್ಮನಿರು. ಅವಳ ಮೇಲೆ ಸಿಟ್ಟಾಗೋ ಹಕ್ಕು ಇಲ್ಲಿ ನನಗೊಬ್ಬಳಿಗೇ ಇರೋದು. ಕೆಟ್ಟದಾಗಿ ಬರೆದಳು ಅಂತ ನನಗೆ ಸಿಟ್ಟಿಲ್ಲ. ಚೆನ್ನಾಗಿ ಬರೆದಳು. ಅದೇ ನನ್ನ ಜಗಳ."

ಸಾಹಿತಿಗಳು ಕನ್ನಡಕ ಹಾಕಿಕೊಂಡು ಕೂತರು. ಕಬ್ಬಿಣದ ಬಾಗಿಲಿನ ಹತ್ತಿರ ಕಾಕಿ ಅಂಗಿಯವನು ಇಣುಕಿ, ಮುಂದಿನವರು ತನ್ನಿ ಎಂದ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಮಗಳ ಕಣ್ಣಲ್ಲಿ ನೀರು ಬರಲಿಲ್ಲ. ದವಡೆ ಮಾತ್ರ ನೋಯುತ್ತಿತ್ತು.

ಹೊರಗೆ ಗೋಡೆಗೊರಗಿ ಮೊಳೆಯಣ್ಣ ನಿಂತಿದ್ದರು. ಸಮಾಧಾನದ ಮಾತು ಹೇಳಲಿಲ್ಲ.

"ನಲವತ್ತು ವರ್ಷ ನಿಮ್ಮಮ್ಮನ ಅಕ್ಷರ ನನ್ನ ಬೆರಳಲ್ಲೇ ಇತ್ತಮ್ಮ. ಬೆಳಿಗ್ಗೆ ಫೋನಲ್ಲಿ ಹಾಳೆ ತೋರಿಸಿದ್ರು, ಈ ಎರಡು ಕಂತು ಮಾತ್ರ ನನ್ನ ಕಣ್ಣಿಗೆ ಹತ್ತೋದಿಲ್ಲ. ನೀನು ಓದಲಿಲ್ಲ ಅಂದ್ರೆ ಇವರು ಬೇರೆ ಯಾರ ಕೈಲೋ ಬರೆಸಿ ನಿಮ್ಮಮ್ಮನ ಹೆಸರಲ್ಲೇ ಹಾಕ್ತಾರೆ. ಆಗಲೇ ಒಬ್ಬನಿಗೆ ಹೇಳಿಟ್ಟಿದ್ದಾರೆ."

ಸಂಪಾದಕ ದೂರದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ಮಗಳು ಅವನತ್ತ ನೋಡಿದಳು.

"ಓದಿ ಹೇಳ್ತೀನಿ. ಅಷ್ಟೇ. ಒಂದಕ್ಷರ ಸೇರಿಸಬಾರದು, ಒಂದಕ್ಷರ ತೆಗೀಬಾರದು."

*

ಪತ್ರಿಕೆಯ ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಕಿಟಕಿಯ ಕೆಳಗೆ ಮೊಳೆಯಣ್ಣನ ಮೇಜು, ಕರಡಚ್ಚುಗಳ ರಾಶಿ, ಗಾಳಿಗಿಂತ ಸದ್ದೇ ಹೆಚ್ಚು ಮಾಡುವ ಫ್ಯಾನು. ಮಗಳು ಪಕ್ಕದ ಕುರ್ಚಿಯಲ್ಲಿ ಕೂತು ಓದಿದಳು. ಅವರು ಕೀಲಿಮಣೆ ಒತ್ತುತ್ತ ಹೋದರು. ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಆದರೂ ಅಮ್ಮ ಎಲ್ಲಿ ಒತ್ತಕ್ಷರ ಹಾರಿಸುತ್ತಾಳೆ, ಎಲ್ಲಿ ಕೊಂಬು ಮರೆಯುತ್ತಾಳೆ ಎಂಬುದು ಅವಳ ಕಣ್ಣಿಗೆ ತಾನಾಗಿ ತಿಳಿಯುತ್ತಿತ್ತು. ಮೊದಲ ಕಂತು ಒಂದು ತಾಸಿನಲ್ಲಿ ಮುಗಿಯಿತು. ಚೆನ್ನಾಗಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಕೊನೆಯ ಕಂತಿನಲ್ಲಿ, ಕತೆಯ ಮುದುಕಿಯ ಮನೆ ಬಾಗಿಲಿಗೆ ವರ್ಷಗಳ ಮೇಲೆ ಮಗಳು ಬಂದು ನಿಲ್ಲುತ್ತಾಳೆ. ಮುದುಕಿ ಹೊಸ್ತಿಲ ಈಚೆ ನಿಂತು, ನಾನು ಮಾಡಿದ್ದು ತಪ್ಪು ಎನ್ನುತ್ತಾಳೆ. ಆಮೇಲೆ ಬರವಣಿಗೆ ನಿಂತಿತ್ತು. ಅಂಚಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು: 'ಇಲ್ಲಿ ಅವಳೇನು ಹೇಳ್ತಾಳೆ? ಈ ಸಲ ನಾನಾಗಿ ಬರೀಬಾರದು. ಕೇಳಬೇಕು.' ಕೆಳಗೆ ಖಾಲಿ. ಖಾಲಿಯ ಕೆಳಗೆ, ಹಾಳೆಯ ಕೊನೆಯಲ್ಲಿ ಒಂದೇ ಸಾಲು: 'ಅಷ್ಟು ಹೇಳಿ ಮಗಳು ಒಳಗೆ ಬಂದಳು.'

ಮೂರು ವಾರದ ಹಿಂದೆ ಅಮ್ಮ ಫೋನಿನಲ್ಲಿ, ಒಂದು ಮಾತು ಕೇಳೋದಿತ್ತು ಅಂದಿದ್ದಳು. ಯಂತ್ರದಲ್ಲಿ ಗಾಜಿದೆ, ಆಮೇಲೆ ಎಂದು ಇವಳು ಇಟ್ಟುಬಿಟ್ಟಿದ್ದಳು.

"ಒಳಗೆ ಬಂದಳಂತೆ," ಅಂದಳು. "ನನ್ನನ್ನ ಕೇಳೋಕೆ ಮುಂಚೆಯೇ ಒಳಗೆ ಕರ್ಕೊಂಡುಬಿಟ್ಟಿದ್ದಾಳೆ, ನೋಡಿ ಮೊಳೆಯಣ್ಣ. ಸಾಯೋವಾಗಲೂ ಬುದ್ಧಿ ಬಿಡಲಿಲ್ಲ ಇವಳು."

ಬೆನ್ನ ಹಿಂದೆ ನಿಂತಿದ್ದ ಸಂಪಾದಕ ಬಾಗಿ ಹಾಳೆ ನೋಡಿದ. "ಎರಡು ಸಾಲಿನ ಮಾತಲ್ವಾ ಮೇಡಂ. 'ಕ್ಷಮಿಸಿದೆ ಅಮ್ಮಾ' ಅಂತ ಏನಾದ್ರೂ ಹಾಕಿಬಿಡೋಣ. ಜನರಿಗೆ ಮನಸ್ಸು ಹಗುರಾಗತ್ತೆ."

"ಯಾರು ಕ್ಷಮಿಸಿದ್ದು?"

ಅವನು ಹಾಳೆಯಿಂದ ಹಿಂದೆ ಸರಿದ.

"ಖಾಲಿ ಬಿಡಿ," ಅಂದಳು.

"ಖಾಲಿ ಬಿಟ್ರೆ ಅಚ್ಚಿನ ತಪ್ಪು ಅಂದ್ಕೋತಾರೆ."

"ಅಂದ್ಕೊಳ್ಳಲಿ."

"ಮತ್ತೆ ಕೊನೇ ಸಾಲು?" ಮೊಳೆಯಣ್ಣ ಮೆಲ್ಲಗೆ ಕೇಳಿದರು.

ಅವಳು ಆ ಸಾಲಿನ ಮೇಲೆ ಬೆರಳೆಳೆದಳು. "ಅದು ಅವಳು ಬರೆದದ್ದು. ಇರಲಿ."

ಮೊಳೆಯಣ್ಣ ಮೇಜಿನ ಖಾನೆ ಎಳೆದು ಉಕ್ಕಿನ ಅಳತೆಪಟ್ಟಿ ತೆಗೆದರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಸರಿಸಿ, ಅಂಗೈಯಿಂದ ಮಡಿಕೆ ತೀಡಿ, ಅಮ್ಮ ಬಿಟ್ಟ ಜಾಗದ ಮೇಲೆ ಪಟ್ಟಿ ಇಟ್ಟು ಬಗ್ಗಿ ನೋಡಿದರು. ತುಟಿಯಲ್ಲೇ ಎಣಿಸಿದರು. ಆಮೇಲೆ ಕೀಲಿಮಣೆಗೆ ತಿರುಗಿ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತತೊಡಗಿದರು. ಬಿಳಿಯ ಪುಟದ ಮೇಲೆ ಮಿಣುಕುವ ಸಣ್ಣ ಗೆರೆಯೊಂದು ಏನನ್ನೂ ಬರೆಯದೆ, ಸಾಲಿನಿಂದ ಸಾಲಿಗೆ ಕೆಳಗಿಳಿಯುತ್ತ ಹೋಯಿತು.