ಸಾವಿರ ಜಿಬಿಯ ಡಬ್ಬಿ

ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ ಕೂಡಲೇ ಉಜ್ವಲಾಳಿಗೆ ವಾಕರಿಕೆ ಬಂತು. ಸಿ.ಡಿ. ಹಾಕುವ ತಟ್ಟೆಯೊಳಗೆ ಯಾರೋ ಗುಟಕಾ ಪೊಟ್ಟಣಗಳನ್ನು ಮಡಚಿ ಮಡಚಿ ತುರುಕಿದ್ದರು. ಅವುಗಳಲ್ಲಿ ಉಗುಳಿದ್ದ ಕೆಂಪು ನೀರು ಸೋರಿ ತಟ್ಟೆಯ ಅಂಚಿಗೆ ಹೆಪ್ಪುಗಟ್ಟಿತ್ತು. ಫ್ಯಾನಿನ ರೆಕ್ಕೆಗಳ ಮೇಲೆ ಬೆರಳು ಅಂಟುವಷ್ಟು ಜಿಡ್ಡು, ಮೂಲೆಯಲ್ಲಿ ಜಿರಳೆ ಮೊಟ್ಟೆಗಳ ಸಾಲು, ವೈರುಗಳ ನಡುವೆ ಒಣಗಿ ಹಪ್ಪಳವಾಗಿದ್ದ ಒಂದು ಹಲ್ಲಿ. ಮೂಗಿಗೆ ದುಪಟ್ಟಾ ಕಟ್ಟಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆಕೆ ಒಂದೊಂದನ್ನೇ ಕೆರೆದು ತೆಗೆದಳು. ಪಕ್ಕದಲ್ಲಿ ಮೊರ ಹಿಡಿದು ನಿಂತ ಮನಿಷಾ ಮುಖ ಆ ಕಡೆ ತಿರುಗಿಸಿದ್ದಳು.

"ಇಷ್ಟ ದಿನಾ ನಾವು ಇದರ ಮುಂದ ಕುಂತು ಓದೇವಲ್ರಿ ಅಕ್ಕಾ," ಅಂದಳು ಮನಿಷಾ.

"ಓದೇವಿ. ಇನ್ನ ಮ್ಯಾಲೆ ಸ್ವಚ್ಛ ಇಟ್ಕೊಂಡು ಓದೂಣು."

ಚಿಕ್ಕೋಡಿಯಿಂದ ರಾಯಬಾಗಕ್ಕೆ ಹೋಗುವ ದಾರಿಯಲ್ಲಿ, ಕಬ್ಬಿನ ಹೊಲಗಳ ನಡುವೆ ಇರುವ ಊರು ಅದು. ಅಲ್ಲಿ ಉಜ್ವಲಾಳ ಕೇರಿಯವರು ಕಟ್ಟಿಕೊಂಡ ಸಮಾಜ ಮಂದಿರದ ಒಂದು ಕೋಣೆಯಲ್ಲಿ ತರುಣ ಮಂಡಳದವರು ವಾಚನಾಲಯ ನಡೆಸುತ್ತಿದ್ದರು. ಉಜ್ವಲಾ ಬಿ.ಎಸ್ಸಿ. ಮುಗಿಸಿ, ಒಂದು ಖಾಸಗಿ ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ದಿನಾ ಸಂಜೆ ನಾಲ್ಕಕ್ಕೆ ಬಂದು ವಾಚನಾಲಯದ ಬೀಗ ತೆಗೆಯುವವಳು ಅವಳೇ. ಓದಲು ಬರುವವರಲ್ಲಿ ಹೆಚ್ಚಿನವರು ಹುಡುಗಿಯರು. ಅವರಲ್ಲಿ ಕುರಿ ಕಾಯುವ ಮಲಕಾರಿಯ ಮಗಳು ಮನಿಷಾ ಒಬ್ಬಳು. ಅರಣ್ಯ ರಕ್ಷಕಿಯ ಪರೀಕ್ಷೆಗೆ ತಯಾರಾಗುತ್ತಿದ್ದ ಆಕೆ, ಹಳೆಯ ಪ್ರಶ್ನೆಪತ್ರಿಕೆಗಳಿಂದ ಆರಿಸಿ ಸಾವಿರದ ನಾನೂರು ಪ್ರಶ್ನೋತ್ತರಗಳನ್ನು ನಾಲ್ಕು ತಿಂಗಳಲ್ಲಿ ಟೈಪು ಮಾಡಿದ್ದಳು. ಉಳಿದ ಹುಡುಗಿಯರು ಅದನ್ನೇ ಓದುತ್ತಿದ್ದರು.

ಕಂಪ್ಯೂಟರು ಶುರುವಾಗಲು ಹನ್ನೊಂದು ನಿಮಿಷ ಬೇಕಾಗುತ್ತಿತ್ತು. ಹಿಂದಿನ ವರ್ಷ ಒಬ್ಬ ಹುಡುಗಿಯ ಅರ್ಜಿ ಕೊನೆಯ ದಿನದ ಕೊನೆಯ ಗಳಿಗೆಯಲ್ಲಿ ಇದೇ ಯಂತ್ರದ ದೆಸೆಯಿಂದ ತಪ್ಪಿತ್ತು. ಕೊನೆಗೆ ಮಂಡಳ ಒಪ್ಪಿತು: ತಿರುಗುವ ತಟ್ಟೆಯ ಹಳೆಯ ಡಿಸ್ಕು ತೆಗೆದು, ಮಾಹಿತಿಯನ್ನು ಚಿಪ್ಪಿನ ಮೇಲೆ ಬರೆದಿಡುವ ಎಸ್‌ಎಸ್‌ಡಿ ಹಾಕಿಸುವುದು. ಯಾವುದು ಅನ್ನುವುದನ್ನು ಉಜ್ವಲಾ ನೋಡಿ ಹೇಳಬೇಕು.

ಆಕೆ ಮೂರು ದಿನ ಅದನ್ನೇ ಓದಿದಳು. ಯಂತ್ರಕ್ಕೆ ಹತ್ತು ವರ್ಷ ವಯಸ್ಸು. ಅದರ ಮೇಲೆ ಖರ್ಚು ಮಾಡುವುದು ಮುದಿ ಎತ್ತಿಗೆ ಹೊಸ ಹಿತ್ತಾಳೆ ಕೊಂಬಣಸು ಹಾಕಿದಂತೆ ಅಂತ ಒಮ್ಮೆ ಅನ್ನಿಸಿತು. ಆದರೆ ಅರ್ಜಿ ತುಂಬಲು, ಟೈಪು ಮಾಡಲು, ಪಾಠದ ವಿಡಿಯೋ ನೋಡಲು ಅದು ಇನ್ನೂ ಸಾಕು. ಅದನ್ನು ಕುಂಟಿಸುತ್ತಿದ್ದದ್ದು ಡಿಸ್ಕು ಒಂದೇ. ಇಲ್ಲಿ ಕರೆಂಟು ಹೋಗಿ ಬರುವ ರೀತಿಗೆ ತಿರುಗುವ ತಟ್ಟೆಗಿಂತ ಚಿಪ್ಪೇ ವಾಸಿ. ಇನ್ನು ಅಗ್ಗದ ಎಸ್‌ಎಸ್‌ಡಿಗಳ ದೋಷವೂ ಸಣ್ಣದಲ್ಲ. ಹೊಟ್ಟೆ ತುಂಬುತ್ತಾ ಬಂದಂತೆ ಅವು ಮಂದವಾಗುತ್ತವೆ. ಹಳೆಯ ಡಿಸ್ಕು ಸಾಯುವ ಮೊದಲು ಕಿರ್ ಕಿರ್ ಅಂತ ಹೇಳಿ ಸಾಯುತ್ತದೆ. ಇವು ಮಾತಾಡುತ್ತ ಮಾತಾಡುತ್ತಲೇ ಕಣ್ಣು ಮುಚ್ಚುತ್ತವೆ, ಒಳಗಿನದನ್ನು ತೆಗೆಯಲು ಆಮೇಲೆ ಯಾರಿಗೂ ಆಗುವುದಿಲ್ಲ. ಎಲ್ಲ ತೂಗಿ ನೋಡಿ ಆಕೆ ಒಂದು ನಿರ್ಧಾರಕ್ಕೆ ಬಂದಳು: ಇನ್ನೂರ ಐವತ್ತಾರು ಜಿಬಿಯ ಚಿಕ್ಕದು ಸಾಕು, ಆದರೆ ಹೆಸರು ಇದ್ದ ಕಂಪನಿಯದು, ಮೂರು ವರ್ಷದ ಗ್ಯಾರಂಟಿಯದು ಇರಬೇಕು.

ಮಂಡಳದ ಅಧ್ಯಕ್ಷ ಸಂಗ್ರಾಮ, ಉಜ್ವಲಾಳ ದೊಡ್ಡಪ್ಪನ ಮಗ, ಅದನ್ನು ಕೇಳಿ ನಕ್ಕ.

"ಇನ್ನೂರಾ ಐವತ್ತಾರು? ನನ್ನ ಮೊಬೈಲಿನ್ಯಾಗೂ ಅಷ್ಟ ಐತಲಾ! ಚಿಕ್ಕೋಡ್ಯಾಗ ಕಂಪ್ಯೂಟರ ಅಂಗಡಿ ನಮ್ಮ ಲಖನ ಒಂದ್ ಟಿಬಿದು ಕೊಡ್ತಾನ. ಸಾವಿರ ಜಿಬಿ! ಅದೂ ನೀ ಹೇಳಿದ್ದಕ್ಕಿಂತ ಸ್ವಸ್ತ, ಕಡಿಮಿ ರೊಕ್ಕಕ್ಕ."

"ದಾದಾ, ಆ ರೇಟಿಗೆ ಸಾವಿರ ಜಿಬಿ ಬರೂದ ಸಾಧ್ಯ ಇಲ್ಲ. ಅದರಾಗ ಏನೋ ಲಫಡಾ ಇರ್ತೈತಿ."

"ನೀ ಎಲ್ಲಾದ್ರಾಗೂ ಹುಳಾ ಹುಡುಕ್ತಿ ನೋಡು. ಬರೂ ಜಯಂತಿ ಮೆರವಣಿಗಿ ಬ್ಯಾನರಿನ್ಯಾಗ 'ಅತ್ಯಾಧುನಿಕ ವಾಚನಾಲಯ, ಸಾವಿರ ಜಿಬಿ' ಅಂತ ಹಾಕಿದ್ರ ಹ್ಯಾಂಗ ಕಾಣ್ತೈತಿ? ಇನ್ನೂರಾ ಐವತ್ತಾರು ಅಂತ ಹಾಕಿದ್ರ ಹ್ಯಾಂಗ ಕಾಣ್ತೈತಿ?"

ಸಭೆಯಲ್ಲಿದ್ದವರು ಸಾವಿರಕ್ಕೇ ಕೈ ಎತ್ತಿದರು.

ಲಖನ ಬಂದು ಹಾಕಿ ಹೋದ. ಹಳೆಯ ಡಿಸ್ಕನ್ನು 'ಭಂಗಾರಕ್ಕ, ಗುಜರಿಗೆ ಹಾಕ್ತೀನ್ರಿ' ಅಂತ ಚೀಲಕ್ಕೆ ಇಳಿಸಿಕೊಂಡ. ಗುಂಡಿ ಒತ್ತಿದರೆ ಮುಕ್ಕಾಲು ನಿಮಿಷದಲ್ಲಿ ಪರದೆ ಬೆಳಗಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಸಂಗ್ರಾಮ ಉಜ್ವಲಾಳ ಕಡೆ ಹುಬ್ಬು ಹಾರಿಸಿದ. ನಿಜ ಹೇಳಬೇಕೆಂದರೆ ಅವಳಿಗೂ ಖುಷಿಯಾಗಿತ್ತು. ತನ್ನ ಓದೇ ತಪ್ಪಿತೇನೋ ಅಂದುಕೊಂಡಳು. ಮನಿಷಾ ತನ್ನ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದಳು; ಆ ಪೆನ್‌ಡ್ರೈವನ್ನು ತಂಗಿ ಶಾಲೆಗೆ ಕೇಳುತ್ತಿದ್ದಾಳೆ, ಖಾಲಿ ಮಾಡಿ ಕೊಡಲೇ ಅಂತ ಕೇಳಿದಾಗ, ಉಜ್ವಲಾ ಯೋಚಿಸದೆ ಹೇಳಿದಳು: "ಕೊಡು. ಇಲ್ಲಿ ಬೇಕಾದಷ್ಟು ಜಾಗಾ ಐತಿ. ಇದರಾಗ ಇಡು."

ಜಯಂತಿ ಮುಗಿದ ಮೂರನೆಯ ದಿನ ಸಂಗ್ರಾಮ ಮೆರವಣಿಗೆಯ ಡ್ರೋನ್ ವಿಡಿಯೋಗಳನ್ನೆಲ್ಲ ತಂದು ಅದರಲ್ಲಿ ತುಂಬಿದ. ಮರುದಿನ ಮನಿಷಾ ಫೈಲು ತೆರೆದರೆ, ಪ್ರಶ್ನೆಗಳಿರಬೇಕಾದ ಕಡೆ ಸಣ್ಣ ಸಣ್ಣ ಚೌಕಗಳ ಸಾಲು. ಇನ್ನೊಂದು ಫೈಲು ತೆರೆಯಲೇ ಇಲ್ಲ. ಮೂರನೆಯದು ತೆರೆದರೆ, ಅದೂ ಚೌಕ. ಡ್ರೋನ್ ವಿಡಿಯೋ ಕೂಡ ಅರ್ಧಕ್ಕೆ ನಿಂತು ಹಸಿರಾಯಿತು. ಪರದೆ ಮಾತ್ರ ಇನ್ನೂ ಒಂಬೈನೂರು ಜಿಬಿ ಖಾಲಿ ಇದೆ ಅಂತ ನಾಚಿಕೆಯಿಲ್ಲದೆ ತೋರಿಸುತ್ತಿತ್ತು.

ಮನಿಷಾ ಬೈಯಲಿಲ್ಲ. "ಅಕ್ಕಾ, ಇವು ವಾಪಸ್ ಬರ್ತಾವನ್ರಿ?" ಅಂತ ಅಷ್ಟೇ ಕೇಳಿದಳು. ಬರುವುದಿಲ್ಲವೆಂದು ಉಜ್ವಲಾಳಿಗೆ ಗೊತ್ತಿತ್ತು. 'ಇದರಾಗ ಇಡು' ಅಂದ ತನ್ನ ದನಿಯೇ ಕಿವಿಯಲ್ಲಿ ಕೇಳಿ ತನ್ನ ಮೇಲೇ ಹೇಸಿಗೆಯಾಯಿತು.

ಸ್ಕ್ರೂಡ್ರೈವರ್ ತಂದು ಆ ಎಸ್‌ಎಸ್‌ಡಿಯ ಡಬ್ಬಿ ಬಿಚ್ಚಿದಳು. ಅಂಗೈಯಗಲದ ಡಬ್ಬಿಯೊಳಗೆ ಉಗುರಿನಷ್ಟು ಮೆಮರಿ ಕಾರ್ಡು, ಹಳೆಯ ಮೊಬೈಲಿಗೆ ಹಾಕುವಂಥದ್ದು. ಅರವತ್ನಾಲ್ಕು ಜಿಬಿಯದು; ಅದು ತುಂಬಿದ ಮೇಲೆ ಡ್ರೋನ್ ವಿಡಿಯೋ ಹಳೆಯ ಫೈಲುಗಳ ಮೇಲೇ ಬರೆದುಕೊಂಡಿತ್ತು. ಅದನ್ನು ಹಿಡಿದಿಟ್ಟದ್ದು ಸಿಂಬಳದಂತೆ ಹಳದಿಯಾಗಿದ್ದ ಅಂಟಿನ ಮುದ್ದೆ. ಉಳಿದ ಜಾಗದಲ್ಲಿ, ಕೈಗೆ ತೂಕ ಬರಲಿ ಅಂತ ತುಕ್ಕು ಹಿಡಿದ ಎರಡು ಕಬ್ಬಿಣದ ವಾಶರ್. ಮೇಲೆ ಥಳಕು, ಒಳಗೆ ಹುಳುಕು ಅನ್ನುವುದನ್ನು ಬಾಲ್ಯದಿಂದ ಕೇಳಿದ್ದಳು. ಹೀಗೆ ಬೆರಳಿಗೆ ಅಂಟಿದ್ದು ಇದೇ ಮೊದಲು.

ಮರುದಿನ ಕಾಲೇಜಿಗೆ ರಜೆ ಹಾಕಿ ಚಿಕ್ಕೋಡಿಗೆ ಹೋದಳು. ಲಖನನ ಅಂಗಡಿಯ ಕೌಂಟರಿನ ಮೇಲೆ ಬಿಚ್ಚಿದ ಡಬ್ಬಿ ಇಟ್ಟಳು. ಅವನು ಗಾಬರಿಯಾಗಲಿಲ್ಲ. ಒಂದು ಕುರ್ಚಿ ಎಳೆದು ಕೊಟ್ಟ.

"ಕುಂದರ್ರಿ ತಾಯಿ. ನಾ ಯಾರಿಗೂ ಸುಳ್ಳ ಹೇಳಿ ಮಾರಾಂಗಿಲ್ಲ. ನಿಮ್ಮ ಅಧ್ಯಕ್ಷರಿಗೆ ಮೊದಲ ಹೇಳೇನ್ರಿ, ಇದು ಅಸಲಿ ಅಲ್ಲ ಅಂತ."

"ಅವ್ರು ಏನಂದ್ರು?"

"'ಕಂಪ್ಯೂಟರಿನ್ಯಾಗ ಸಾವಿರ ಅಂತ ಕಾಣಿಸಿದ್ರ ಬಸ್. ಕುರಿ ಕಾಯಾವ್ರ ಪೋರ್‍ಯಾರು, ಕಬ್ಬು ಕಡಿಯಾವ್ರ ಪೋರ್‍ಯಾರು ಕುಂದ್ರತಾರ, ಅವಕ್ಕೇನ್ ತಿಳೀತೈತಿ' ಅಂದ್ರು."

ಉಜ್ವಲಾ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ಕಬ್ಬು ಕಡಿಯುವವರ ಮಗಳು ಅವಳೇ. ಸಂಗ್ರಾಮನ ತಾಯಿಯೂ ಅದೇ ಗ್ಯಾಂಗಿನಲ್ಲಿ ಕಬ್ಬು ಕಡಿಯುವ ಕೊಯ್ತಾ ಹಿಡಿದವಳು.

"ಹಳೇ ಡಿಸ್ಕ್ ಎಲ್ಲೈತಿ? ಹುಡುಗಿ ಫೈಲು ಅದರಾಗರೆ ಇರ್ತಾವ."

"ಅದು ಹೋತ್ರಿ, ಭಂಗಾರದಾಂವ ಒಯ್ದ." ಲಖನ ಡ್ರಾವರಿನಿಂದ ನೀಲಿ ದೀಪ ಮಿಣುಕುವ ಒಂದು ಮೌಸ್ ತೆಗೆದು ಅವಳ ಕಡೆ ಸರಿಸಿದ. "ಇದನ್ನ ನೀವು ಒಯ್ರಿ. ಮುಂದಿನ ಸಲ ಮಾಲು ನೀವ ನೋಡಿ ಹೇಳಾವ್ರಲ್ಲ, ನಮ್ಮ ಕಡೆ ಒಂದೀಟ್ ಧ್ಯಾನ ಇರ್ಲಿ."

ನನ್ನ ಬೆಲೆ ಒಂದು ಮೌಸ್! ಅನ್ನಿಸಿತು. ಅದನ್ನು ಅವನ ಕಡೆಗೇ ಹಿಂದಕ್ಕೆ ಸರಿಸಿದಳು. ಡಬ್ಬಿಯನ್ನಷ್ಟೇ ಎತ್ತಿಕೊಂಡು ಎದ್ದಳು. ಬಸ್‌ಸ್ಟ್ಯಾಂಡಿನ ಎದುರಿನ ಇನ್ನೊಂದು ಅಂಗಡಿಯಲ್ಲಿ, ತಾನು ಮೊದಲು ಹೇಳಿದ್ದ ಚಿಕ್ಕ ಎಸ್‌ಎಸ್‌ಡಿಯನ್ನು ತನ್ನ ಸಂಬಳದಲ್ಲೇ ಕೊಂಡಳು. ಗ್ಯಾರಂಟಿ ಕಾರ್ಡಿಗೆ ಅಂಗಡಿಯ ಸಿಕ್ಕಾ ಹಾಕಿಸಿಕೊಂಡಳು. ಸಂಜೆ ಅದನ್ನು ಕೂಡಿಸಿ, ಬಿಚ್ಚಿದ ಡಬ್ಬಿಯ ಫೋಟೋ ತೆಗೆದು ಮಂಡಳದ ವಾಟ್ಸಾಪ್ ಗುಂಪಿಗೆ ಹಾಕಿದಳು. ಕೆಳಗೆ ಬರೆದಳು: 'ನಮ್ಮ ವಾಚನಾಲಯದ ಸಾವಿರ ಜಿಬಿ ಇದು. ಲಖನ ಹೇಳೂ ಪ್ರಕಾರ ಅಧ್ಯಕ್ಷರಿಗೆ ಮೊದಲೇ ಗೊತ್ತಿತ್ತು. ಹೌದೋ ಅಲ್ಲೋ ಅವರೇ ಹೇಳಲಿ.'

ನಾಲ್ಕೇ ನಿಮಿಷದಲ್ಲಿ ಸಂಗ್ರಾಮ ಅವಳನ್ನು ಗುಂಪಿನಿಂದ ತೆಗೆದುಹಾಕಿದ. ಹಿಂದೆಯೇ ಮನೆಗೆ ಬಂದ.

"ಮನಿ ಮಾತ ಹಿಂಗ ಚಾವಡಿಗೆ ಹಾಕ್ತಾರೇನ? ಊರ ಮಂದಿ ನಮ್ಮ ಸಮಾಜಕ್ಕ ಏನಂದಾರು, ವಿಚಾರ ಮಾಡಿದೇನ? ಹೊರಗಿನವ್ರು ನಗೂಹಂಗ ಮಾಡಿದಿ."

ಉಜ್ವಲಾಳ ತಂದೆ ಮಾಯಪ್ಪ ಕಟ್ಟೆಯ ಮೇಲೆ ಕೂತು ಕಾಲು ತಿಕ್ಕಿಕೊಳ್ಳುತ್ತಿದ್ದ. ಸಮಾಜ ಮಂದಿರದ ಬುನಾದಿಗೆ ಕಲ್ಲು ಹೊತ್ತವರಲ್ಲಿ ಅವನೂ ಒಬ್ಬ. ತಲೆ ಎತ್ತದೆ ಹೇಳಿದ: "ಹೊರಗಿನವ್ರು ನಗೂದು ನಮಗ ಹೊಸಾದಲ್ಲಪಾ. ಆಕಿ ಕೇಳಿದ್ದಕ್ಕ ಹೇಳು. ನಿನಗ ಗೊತ್ತಿತ್ತೋ ಇಲ್ಲೋ?"

ಸಂಗ್ರಾಮ ಚಪ್ಪಲಿ ಹಾಕಿಕೊಂಡ. "ಕಾಕಾ, ನೀವೂ ಅಕಿ ಮಾತ ಕೇಳ್ತೀರಿ," ಅಂದವನೇ ಹೊರಟುಹೋದ. ಗೊತ್ತಿರಲಿಲ್ಲ ಅಂತ ಮಾತ್ರ ಅವನ ಬಾಯಿಂದ ಬರಲಿಲ್ಲ.

ಮುಂದೆ ದೊಡ್ಡದೇನೂ ಆಗಲಿಲ್ಲ. ಮಂಡಳದ ಸಭೆ ಕೂಡಿತು. ಆದದ್ದಾಯಿತು ಬಿಡ್ರಿ ಅಂದರು. ಅಧ್ಯಕ್ಷ ಸ್ಥಾನಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲ. ಇನ್ನು ಮುಂದೆ ಏನು ತಂದರೂ ವಾಚನಾಲಯದ ಹುಡುಗಿಯರಲ್ಲಿ ಇಬ್ಬರು ನೋಡಿ ಒಪ್ಪಬೇಕು ಅಂತ ಮಾಯಪ್ಪ ಹಟ ಹಿಡಿದು ಬರೆಸಿದ, ಅಷ್ಟೇ. ಅರ್ಧ ನೆನಪಿನಿಂದ, ಅರ್ಧ ಗೆಳತಿಯರ ನೋಟುಬುಕ್ಕಿನಿಂದ ಮನಿಷಾ ಹೇಳುತ್ತ ಹೋದಳು, ಉಜ್ವಲಾ ಟೈಪು ಮಾಡುತ್ತ ಹೋದಳು. ಪರೀಕ್ಷೆಯ ಹೊತ್ತಿಗೆ ಒಂಬೈನೂರು ಪ್ರಶ್ನೆಗಳು ಮರಳಿದವು. ಐನೂರು ಹೋದವು.

ಸಂಗ್ರಾಮ ಈಗಲೂ ವಾರಕ್ಕೊಮ್ಮೆ ವಾಚನಾಲಯಕ್ಕೆ ಬರುತ್ತಾನೆ. ಏನೂ ಆಗಿಲ್ಲವೆಂಬಂತೆ, "ಎಲ್ಲಾ ಛಲೋ ನಡದೈತೆಲಾ, ಉಜ್ವಲಾ?" ಅಂತ ಕೇಳುತ್ತಾನೆ. ಹುಡುಗಿಯರ ಮುಂದೆ ಜಗಳ ಬೇಡವೆಂದು ಅವಳು "ನಡದೈತಿ ದಾದಾ" ಅನ್ನುತ್ತಾಳೆ. ಹಾಗೆ ಅಂದಾಗಲೆಲ್ಲ ಬಾಯಿಗೆ ನೀರು ಹಾಕಿ ಮುಕ್ಕಳಿಸಬೇಕೆನಿಸುತ್ತದೆ.