ದುಂಡೇಶನ ಮನೆಸಾಲಕ್ಕೆ ಈಶಪ್ಪನ ಸಹಿ

ದಾಂಡೇಲಿಯ ಬಂಗೂರನಗರದಲ್ಲಿ ಈಶಪ್ಪನಷ್ಟು ಸಹಿ ಹಾಕಿದ ಮನುಷ್ಯ ಇನ್ನೊಬ್ಬನಿರಲಿಲ್ಲ. ಮಿಲ್ ಕಾರ್ಮಿಕರ ಸೊಸೈಟಿಯಲ್ಲಿ ಯಾರು ಸಾಲ ತೆಗೆದರೂ ಇಬ್ಬರು ಜಾಮೀನುದಾರರು ಬೇಕು. ಆ ಇಬ್ಬರಲ್ಲಿ ಒಬ್ಬ ಈಶಪ್ಪನೇ ಎಂಬುದು ಮೂರೂ ಶಿಫ್ಟಿನವರಿಗೆ ಗೊತ್ತಿತ್ತು. ಕಂತು ಅವರವರ ಪಗಾರದಲ್ಲೇ ಕಡಿತವಾಗುತ್ತಿದ್ದರಿಂದ ಇಪ್ಪತ್ತಾರು ವರ್ಷಗಳಲ್ಲಿ ವಸೂಲಿಗೆಂದು ಒಬ್ಬರೂ ಅವನ ಬಾಗಿಲು ತಟ್ಟಿರಲಿಲ್ಲ. ಹೀಗಾಗಿ ಜಾಮೀನು ಎಂದರೆ ಒಂದಿಷ್ಟು ಶಾಯಿ ಖರ್ಚು, ಮೇಲೊಂದು ಕಪ್ ಪುಕ್ಕಟೆ ಚಹಾ ಎಂದು ಅವನು ತಿಳಿದುಬಿಟ್ಟಿದ್ದ.

ಒಂದು ಭಾನುವಾರ ಅವನ ಹೆಂಡತಿ ಶಿವಗಂಗವ್ವನ ತಮ್ಮ ದುಂಡೇಶ ಒಂದು ಕಿಲೋ ಕುಂದಾ ಹಿಡಿದುಕೊಂಡು ಬಂದ. ದುಂಡೇಶ ಪ್ರವಾಸಿಗರನ್ನು ಕಾಡಿಗೆ, ರಾಫ್ಟಿಂಗಿಗೆ ಕರೆದೊಯ್ಯುವ ಜೀಪು ಓಡಿಸುತ್ತಾನೆ. ಬರಿಗೈಯಲ್ಲಿ ಬಂದು ಹೊಟ್ಟೆ ತುಂಬಿಸಿಕೊಂಡು ಹೋಗುವುದು ಅವನ ರೂಢಿ. ಕುಂದಾ ಕಂಡ ಕೂಡಲೇ ಈಶಪ್ಪನಿಗೆ ಅನುಮಾನ ಬರಬೇಕಿತ್ತು. ಬಂದದ್ದು ಬಾಯಲ್ಲಿ ನೀರು.

ವಿಷಯ ಇಷ್ಟೇ. ಮಳಗಿ ಎಂಬ ಊರಿನಲ್ಲಿದ್ದ ತನ್ನ ಜಾಗದಲ್ಲಿ ದುಂಡೇಶ ಮನೆ ಕಟ್ಟಿಸಲಿದ್ದ. ಕೆಳಗೆ ಮೂರು ಖೋಲಿ, ಮೇಲೊಂದು ಮಹಡಿ, ಆ ಮಹಡಿಗೆ ಗಾಜಿನ ರೇಲಿಂಗು. ಅದಕ್ಕೆ ಹದಿನೆಂಟು ಲಕ್ಷ ಸಾಲ, ಇಪ್ಪತ್ತು ವರ್ಷ ಕಂತು. ಬ್ಯಾಂಕಿನವರು ಅವನ ಗಳಿಕೆ ನೋಡಿ, ತಿಂಗಳ ಪಗಾರ ಬರುವವರೊಬ್ಬರ ಜಾಮೀನು ತರಲು ಹೇಳಿದ್ದರು. ಮಾವ ಒಂದೇ ಒಂದು ಸಹಿ ಹಾಕಿದರೆ ಸಾಕು, ವಾಸ್ತುಶಾಂತಿಯ ಕಾರ್ಡಿನಲ್ಲಿ ಮಾವನ ಹೆಸರೇ ಮೊದಲು ಎಂದ ದುಂಡೇಶ. ಈಶಪ್ಪ ಉಬ್ಬಿಹೋದ. ಕುಂದಾ ಮೆತ್ತಿದ ಬೆರಳು ಒರೆಸಿಕೊಂಡು ಪೆನ್ನು ತರಲು ಎದ್ದೇಬಿಟ್ಟ.

"ಕುಂಡ್ರಿ," ಎಂದಳು ಶಿವಗಂಗವ್ವ. "ನಾಳೆ ನಮ್ಮ ಸಂಘದ ಮೀಟಿಂಗ್ ಐತಿ. ಅಲ್ಲಿ ಕೇಳಿ ಆಮ್ಯಾಲ ಸಹಿ ಮಾಡ್ರಿ."

ಈಶಪ್ಪ ಬೆರಗಾದ. ಒಡಹುಟ್ಟಿದ ತಮ್ಮನಿಗೆ ಅಕ್ಕನೇ ಅಡ್ಡಗಾಲು ಹಾಕುವುದೆಂದರೇನು? ಆದರೆ ಜಾಮೀನಿನ ಬಿಸಿ ತಟ್ಟಿದ್ದು ಅವನಿಗಲ್ಲ, ಅವಳಿಗೆ. ಮಹಿಳಾ ಸಂಘದಲ್ಲಿ ಹತ್ತು ಮಂದಿಯ ಸಾಲಕ್ಕೆ ಹತ್ತೂ ಮಂದಿ ಹೊಣೆ. ಹಿಂದೊಮ್ಮೆ ದುರ್ಗವ್ವ ಕಂತು ತಪ್ಪಿಸಿದಾಗ ಉಳಿದ ಒಂಬತ್ತು ಮಂದಿ ಕೈಯಿಂದ ತುಂಬಿದ್ದರು, ಶಿವಗಂಗವ್ವನ ಹಬ್ಬದ ಸೀರೆ ಆ ವರ್ಷ ಅಂಗಡಿಯಲ್ಲೇ ಉಳಿದಿತ್ತು.

ಮರುದಿನ ಈಶಪ್ಪ ಮೊದಲ ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಪಡಸಾಲೆಯ ಜಮಖಾನೆಯ ಮೇಲೆ ಹೆಂಗಸರು ಕೂತಿದ್ದರು. ಅವರ ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ದುಂಡೇಶ, ಕೋರ್ಟಿನಲ್ಲಿ ನಿಲ್ಲಿಸಿದವರ ಹಾಗೆ ಬೆವರುತ್ತಿದ್ದ. ಪ್ರಶ್ನೆ ಕೇಳುತ್ತಿದ್ದವಳು ಪಕ್ಕದ ಮನೆಯ ಕಾಶೆವ್ವ. ಸಂಘದ ಪುಸ್ತಕ ಬರೆಯುವುದು, ಬ್ಯಾಂಕಿಗೆ ಓಡಾಡುವುದು ಅವಳ ಕೆಲಸ. ಎಷ್ಟು ದುಡಿಯುತ್ತೀ ಎಂದು ಕೇಳಿದಳು. ಸೀಜನ್ನಿನಲ್ಲಿ ತಿಂಗಳಿಗೆ ನಲವತ್ತು ಸಾವಿರ ಎಂದು ದುಂಡೇಶ ಎದೆಯುಬ್ಬಿಸಿ ಹೇಳಿದ. ಮಳೆಗಾಲದಲ್ಲಿ ಎಷ್ಟು ಎಂದು ಕೇಳಿದಳು. ಮಳೆಗಾಲದಲ್ಲಿ ರಾಫ್ಟಿಂಗ್ ಬಂದ್, ಜೀಪಿಗೆ ತಾಡಪಾಲು ಹೊದಿಸಿ ಇಡುತ್ತಾರೆ.

"ನಾಲ್ಕು ತಿಂಗಳು ಜೀಪಿಗೆ ರಜಾ. ಕಂತಿಗೂ ರಜಾ ಐತೇನಪಾ?" ಎಂದಳು ಕಾಶೆವ್ವ.

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ತಿಂಗಳ ಕಂತೇ ಹದಿನಾರು ಸಾವಿರದ ಹತ್ತಿರ ಬರುತ್ತಿತ್ತು. ಈಶಪ್ಪ ದುಂಡೇಶನ ಪರ ವಹಿಸಿದ. ಕಟ್ಟದಿದ್ದರೆ ಬ್ಯಾಂಕಿನವರು ಮೊದಲು ಅವನನ್ನೇ ಹಿಡಿಯುತ್ತಾರೆ, ಅವನ ಮನೆಯೇ ಇದೆಯಲ್ಲ, ತನ್ನದು ಬರೀ ಸಹಿ ಎಂದು ವಾದಿಸಿದ.

"ಹಂಗಲ್ಲರಿ ಅಣ್ಣಾರ," ಎಂದಳು ಕಾಶೆವ್ವ. "ಅಂವ ಕಟ್ಟಲಿಲ್ಲಂದ್ರ ಬ್ಯಾಂಕಿನವರು ನೇರ ನಿಮ್ಮನ್ನ ಕೇಳಬಹುದು. ಮೊದಲ ಅವನ ಮನಿ ಮಾರಿ ಬರ್ರಿ ಅನ್ನಾಕ ನಿಮಗ ಬರೂದಿಲ್ಲ."

ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. ದುಂಡೇಶ ಕಂತು ತಪ್ಪಿಸಿದರೆ ಈಶಪ್ಪನ ಸಾಲದ ದಾಖಲೆಯೂ ಕೆಡುತ್ತದೆ. ನಾಳೆ ಜಗಳವಾಯಿತೆಂದು ಜಾಮೀನು ವಾಪಸ್ ಪಡೆಯಲು ಬರುವುದಿಲ್ಲ, ಬ್ಯಾಂಕು ಒಪ್ಪಬೇಕು. ಈಶಪ್ಪನಿಗೆ ಈಗ ಐವತ್ತೆರಡು, ಸಾಲ ಇಪ್ಪತ್ತು ವರ್ಷದ್ದು.

ಈಶಪ್ಪ ಬೆರಳು ಎಣಿಸಿದ. "ಎಪ್ಪತ್ತೆರಡಕ್ಕ ಬಾಯಾಗ ಹಲ್ಲ ಇರ್ತಾವೋ ಇಲ್ಲೋ, ಜಾಮೀನಂತೂ ಇರ್ತೈತಿ," ಎಂದ. ಹೆಂಗಸರು ಮತ್ತೆ ನಕ್ಕರು, ಅವನು ಮಾತ್ರ ನಗಲಿಲ್ಲ.

ಕೊನೆಗೆ ಅವನು ಅಳುಕುತ್ತ ಇನ್ನೊಂದು ಮಾತು ಕೇಳಿದ. ನಿವೃತ್ತಿಯಾದ ಮೇಲೆ ಈ ಮಿಲ್ಲಿನ ಕ್ವಾರ್ಟರ್ಸ್ ಬಿಡಲೇಬೇಕು. ಹಳಿಯಾಳದಲ್ಲಿ ಕೊಂಡಿಟ್ಟ ಜಾಗದಲ್ಲಿ ಎರಡು ಖೋಲಿ ಕಟ್ಟಿಸಲು ಮುಂದಿನ ವರ್ಷ ತಾನೂ ಸಾಲ ಕೇಳುವವನಿದ್ದ. ಅದಕ್ಕೇನಾಗುತ್ತದೆ? ಬ್ಯಾಂಕಿನವರು ಅವನ ಪಗಾರ ತೂಗುವಾಗ ಈ ಹದಿನೆಂಟು ಲಕ್ಷದ ಹೊಣೆಯನ್ನೂ ತೂಗುತ್ತಾರೆ, ಕಡಿಮೆ ಕೊಡಬಹುದು, ಕೊಡದೆಯೂ ಇರಬಹುದು ಎಂದಳು ಕಾಶೆವ್ವ. ಶಿವಗಂಗವ್ವ ಆ ಎರಡು ಖೋಲಿಗಾಗಿ ಹದಿನೈದು ವರ್ಷ ಕಾದಿದ್ದಳು. ಒಂದು ಗಳಿಗೆಯ ಹಿಗ್ಗಿಗೆ ಅದನ್ನು ಕಳೆದುಬಿಡುತ್ತಿದ್ದೆನಲ್ಲ ಎಂದು ಈಶಪ್ಪನಿಗೆ ನಾಚಿಕೆಯಾಯಿತು.

ಸಹಿಗೆ ಇಲ್ಲ ಎಂದು ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಎರಡು ಸಲ ಕೆಮ್ಮಿ, ನೀರು ಕುಡಿದು, "ತಮ್ಮಾ, ನಾ ಸಹಿ ಮಾಡೂದಿಲ್ಲ. ನೀ ಕಟ್ಟಲಿಲ್ಲಂದ್ರ ಕಟ್ಟೂ ತಾಕತ್ತು ನನಗಿಲ್ಲ," ಎಂದ.

ದುಂಡೇಶ ಅಕ್ಕನ ಮುಖ ನೋಡಿದ. ಅವಳ ಕಣ್ಣಲ್ಲಿ ನೀರಿತ್ತು, ಆದರೂ ಗಂಡನ ಮಾತಿಗೆ ತಲೆಯಾಡಿಸಿದಳು. ಅವನು ಸಿಟ್ಟಿನಿಂದ ಎದ್ದು ಗೇಟಿನವರೆಗೆ ಹೋದ. ತಿರುಗಿ ಬಂದು ಉಳಿದ ಕುಂದಾ ಎತ್ತಿಕೊಂಡು ಹೋದ.

ಶಿವಗಂಗವ್ವನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಈಶಪ್ಪ ರಜೆ ಹಾಕಿ, ದುಂಡೇಶನನ್ನು ಹುಡುಕಿ, ಬೈಕಿನ ಹಿಂದೆ ಕೂರಿಸಿಕೊಂಡು ಬ್ಯಾಂಕಿಗೆ ಹೋದ. ಹನ್ನೆರಡೂ ತಿಂಗಳ ಗಳಿಕೆಯ ಲೆಕ್ಕ ಕೊಟ್ಟರು, ದುಂಡೇಶನ ಹೆಂಡತಿಯ ಹೊಲಿಗೆಯ ಗಳಿಕೆಯನ್ನೂ ಸೇರಿಸಿದರು. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಮನೆ, ಇಬ್ಬರ ಹೆಸರಿನಲ್ಲಿ ಸಾಲ, ಒಂಬತ್ತು ಲಕ್ಷ. ಹೊರಗಿನವರ ಜಾಮೀನು ಬೇಕಾಗಲಿಲ್ಲ. ಮಹಡಿ ಹೋಯಿತು, ಗಾಜಿನ ರೇಲಿಂಗೂ ಹೋಯಿತು. ಹದಿನೈದು ದಿನ ದುಂಡೇಶ ಅಕ್ಕನ ಮನೆಗೆ ಬಂದು ಚಹಾ ಕುಡಿದು ಒಂದು ಮಾತೂ ಆಡದೆ ಹೋಗುತ್ತಿದ್ದ.

ಮರುವರ್ಷ ಮಳೆ ಹಿಡಿದು ಜೀಪು ನಿಂತಾಗ ಅವನೇ ಆ ವಿಷಯ ತೆಗೆದ. "ಮಾವಾರ, ಈ ತಿಂಗಳ ಎಂಟು ಸಾವಿರ ಕಟ್ಟಾಕ ಅಕಿ ಹೊಲಿಗಿ ರೊಕ್ಕಾನ ಆಸರಾತು. ಹದಿನಾರಿದ್ರ ನಾ ಎಲ್ಲಿಂದ ತರತಿದ್ದೆ? ನಿಮ್ಮ ಮನಿ ಬುನಾದಿನೂ ತಿಂತಿದ್ದೆ." ಹಳಿಯಾಳದಲ್ಲಿ ಈಶಪ್ಪನ ಎರಡು ಖೋಲಿಗೆ ಅದಾಗಲೇ ಬುನಾದಿ ಹಾಕಿ ಆಗಿತ್ತು.

ಓದುವ, ಕೇಳುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಗೂ ಒಬ್ಬ ದುಂಡೇಶ ಬಂದೇ ಬರುತ್ತಾನೆ. ಅವನು ಕೆಟ್ಟವನಲ್ಲ, ನಮ್ಮವನೇ. ಊಟ ಹಾಕಿ, ಬ್ಯಾಂಕಿಗೆ ಜೊತೆಗೆ ಹೋಗಿ, ಕೈಲಾದದ್ದು ಕೊಡಿ. ಸಹಿಗೆ ಮಾತ್ರ ಅವಸರ ಬೇಡ. ಕಾಗದವನ್ನು ಪೂರ್ತಿ ಓದಿಸಿ ಕೇಳಿ. ಜಾಮೀನುದಾರ ಎಂದಿರಲಿ, ಸಹಸಾಲಗಾರ ಎಂದಿರಲಿ, ಸಾಲ ನಿಮ್ಮ ತಲೆಗೆ ಬರಬಹುದು. ಮನೆಯ ಪತ್ರದಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಆ ಮನೆ ಮಾತ್ರ ನಿಮ್ಮದಾಗುವುದಿಲ್ಲ. ಅವರು ಕಟ್ಟದ ತಿಂಗಳು ನಾವು ಕಟ್ಟಬಲ್ಲೆವೇ ಎಂದು ಮನೆಯವರೆಲ್ಲ ಕೂತು ಲೆಕ್ಕ ಹಾಕಿ. ಆಗುವುದಿಲ್ಲ ಅನ್ನಿಸಿದರೆ ಇವತ್ತೇ, ಮುಖ ನೋಡಿ, ಇಲ್ಲ ಅನ್ನಿ. ಅವರು ಹದಿನೈದು ದಿನ ಮಾತು ಬಿಟ್ಟಾರು, ಬಿಡಲಿ. ಇಪ್ಪತ್ತು ವರ್ಷ ಮುಖ ತಪ್ಪಿಸಿಕೊಂಡು ತಿರುಗುವುದಕ್ಕಿಂತ ಅದು ಇಬ್ಬರಿಗೂ ಒಳ್ಳೆಯದು.